ಮಗುವಿಗೆ ಅಲರ್ಜಿ ಶುರುವಾಗುವುದು ಎಲ್ಲಿಂದ? ಮೊದಲ ವರ್ಷದ ಮಾರ್ಗದರ್ಶಿ

ಮಗುವಿಗೆ ಮೊದಲ ಸಲ ಮೊಟ್ಟೆ ತಿನ್ನಿಸುತ್ತೀರಿ. ಸ್ವಲ್ಪ ಹೊತ್ತಿಗೆ ಬಾಯಿಯ ಸುತ್ತ ಗಂಧೆ ಏಳುತ್ತದೆ, ಕಣ್ಣಿನ ರೆಪ್ಪೆ ಊದಿಕೊಳ್ಳುತ್ತದೆ. ಆಗ ಅಪ್ಪ ಅಮ್ಮ ಕೇಳುವ ಮೊದಲ ಪ್ರಶ್ನೆ ಒಂದೇ: ಇಲ್ಲಿಯವರೆಗೆ ಒಂದು ತುತ್ತೂ ಕೊಟ್ಟಿಲ್ಲ, ಅಲರ್ಜಿ ಬಂದಿದ್ದಾದರೂ ಹೇಗೆ?

ಕೇಳಬೇಕಾದ ಪ್ರಶ್ನೆಯೇ. ಇಂಥ ಅಲರ್ಜಿ ತೋರಬೇಕಾದರೆ ದೇಹ ಆ ಪದಾರ್ಥವನ್ನು ಮೊದಲೇ ಎಲ್ಲೋ ಕಂಡಿರಬೇಕು. ಬಾಯಿಯಿಂದ ಹೋಗಿಲ್ಲ ಅಂದರೆ ಬೇರೆ ದಾರಿಯಿಂದ ಹೋಗಿದೆ. ಆ ದಾರಿ ಬಹಳ ಸಲ ಮಗುವಿನ ಒಡೆದ, ಒಣಗಿದ ಚರ್ಮ. ಇದು ಗೊತ್ತಾದ ಮೇಲೆ ಮೊದಲ ವರ್ಷದಲ್ಲಿ ಏನು ಮಾಡಬೇಕು ಎಂಬ ಲೆಕ್ಕವೇ ಬದಲಾಗಿದೆ. ಆದರೆ ಹಳೆಯ ಸಲಹೆಗಳು ಇನ್ನೂ ಮನೆಮನೆಗಳಲ್ಲಿ ಓಡಾಡುತ್ತಿವೆ. ಅದಕ್ಕೇ ಈ ಲೇಖನ.

ಹಂತ 1: ಒಳಗೆ ಏನಾಗುತ್ತದೆ ಎಂದು ತಿಳಿದುಕೊಳ್ಳಿ

ರೋಗಗಳ ವಿರುದ್ಧ ಹೋರಾಡಲು ನಮ್ಮ ದೇಹ ಹಲವು ಬಗೆಯ ಪ್ರತಿಕಾಯಗಳನ್ನು ತಯಾರಿಸುತ್ತದೆ. ಅವುಗಳಲ್ಲಿ ಒಂದರ ಹೆಸರು ಐಜಿಇ. 1960ರ ದಶಕದಲ್ಲಿ ಪತ್ತೆಯಾದ ಈ ಪ್ರತಿಕಾಯವೇ ಹೆಚ್ಚಿನ ದಿಢೀರ್ ಅಲರ್ಜಿಗಳ ಹಿಂದೆ ಇರುವುದು.

ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ದೇಹ ಒಂದು ಪ್ರೋಟೀನನ್ನು, ಅಂದರೆ ಮೊಟ್ಟೆಯದೋ ಹಾಲಿನದೋ ಕಡಲೆಬೀಜದ್ದೋ ಪ್ರೋಟೀನನ್ನು, ಅಪಾಯ ಎಂದು ತಪ್ಪಾಗಿ ಗುರುತು ಹಾಕಿಕೊಳ್ಳುತ್ತದೆ. ಅದಕ್ಕೆಂದೇ ಐಜಿಇ ತಯಾರಾಗುತ್ತದೆ. ಈ ಐಜಿಇ ಚರ್ಮ, ಮೂಗು, ಶ್ವಾಸನಾಳ, ಕರುಳುಗಳಲ್ಲಿರುವ ಮಾಸ್ಟ್ ಕೋಶಗಳೆಂಬ ರಕ್ಷಣಾ ಕೋಶಗಳಿಗೆ ಅಂಟಿಕೊಂಡು ಕೂರುತ್ತದೆ. ಇಷ್ಟಾಗುವಾಗ ಹೊರಗೆ ಏನೂ ಕಾಣುವುದಿಲ್ಲ. ಮಗು ಆರಾಮಾಗಿ ಆಡಿಕೊಂಡಿರುತ್ತದೆ. ಮುಂದೆ ಅದೇ ಪ್ರೋಟೀನ್ ಮತ್ತೆ ಒಳಗೆ ಬಂದಾಗ ಮಾಸ್ಟ್ ಕೋಶಗಳು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಒಮ್ಮೆಲೇ ಹೊರಹಾಕುತ್ತವೆ. ತುರಿಕೆ, ಗಂಧೆ, ಊತ, ವಾಂತಿ, ಉಬ್ಬಸ ಎಲ್ಲವೂ ಅದರಿಂದ.

ತಾಯಿಯ ಐಜಿಇ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ದಾಟುವುದಿಲ್ಲ. ಅಂದರೆ ಮಗು ಅಲರ್ಜಿಯನ್ನು ಹೊತ್ತುಕೊಂಡು ಹುಟ್ಟುವುದಿಲ್ಲ. ಹುಟ್ಟಿನಿಂದ ಬರುವುದು ಅಲರ್ಜಿಯ ಕಡೆಗೆ ವಾಲುವ ಗುಣ ಮಾತ್ರ. ಅದು ನಿಜವಾದ ಅಲರ್ಜಿಯಾಗಿ ಬೆಳೆಯುವುದು ಹುಟ್ಟಿದ ಮೇಲೆ, ಬಹುಪಾಲು ಮೊದಲ ಕೆಲವು ತಿಂಗಳುಗಳಲ್ಲಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಲಂಡನ್ನಿನ ವೈದ್ಯ ಗಿಡಿಯಾನ್ ಲ್ಯಾಕ್ ಒಂದು ವಿವರಣೆ ಮುಂದಿಟ್ಟರು. ಒಂದೇ ಆಹಾರ ಎರಡು ದಾರಿಯಲ್ಲಿ ದೇಹಕ್ಕೆ ಪರಿಚಯವಾಗಬಹುದು. ಬಾಯಿಯಿಂದ ಹೊಟ್ಟೆಗೆ ಹೋದರೆ ಕರುಳು ಸಾಮಾನ್ಯವಾಗಿ ಅದನ್ನು ಸಹಿಸಿಕೊಳ್ಳಲು ಕಲಿಯುತ್ತದೆ. ಆದರೆ ಹೊಟ್ಟೆಗೆ ಹೋಗುವ ಮೊದಲೇ ಬಿರುಕು ಬಿಟ್ಟ ಚರ್ಮದ ಮೂಲಕ ಒಳಗೆ ನುಸುಳಿದರೆ ದೇಹ ಅದನ್ನು ದಾಳಿ ಎಂದು ತಿಳಿಯುತ್ತದೆ. ಅಡುಗೆ ಮಾಡಿದ ಕೈ, ಮೇಜು, ಹಾಸಿಗೆ, ಮನೆಯ ಧೂಳು, ಎಲ್ಲದರಲ್ಲೂ ಆಹಾರದ ಪ್ರೋಟೀನ್ ಸೂಕ್ಷ್ಮವಾಗಿ ಇದ್ದೇ ಇರುತ್ತದೆ. 2003ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಕಡಲೆಬೀಜದ ಎಣ್ಣೆ ಇದ್ದ ಕ್ರೀಮನ್ನು ಒಡೆದ ಚರ್ಮಕ್ಕೆ ಹಚ್ಚಿಸಿಕೊಂಡ ಕೂಸುಗಳಿಗೂ ಕಡಲೆಬೀಜದ ಅಲರ್ಜಿಗೂ ನಂಟು ಕಂಡುಬಂತು. 2006ರಲ್ಲಿ ಇನ್ನೊಂದು ಸುಳಿವು ಸಿಕ್ಕಿತು. ಚರ್ಮದ ಹೊರಪದರವನ್ನು ಗಟ್ಟಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನಿನಲ್ಲಿ ದೋಷ ಇದ್ದವರಿಗೆ ಎಕ್ಜಿಮಾ, ಅಂದರೆ ಚರ್ಮ ಒಣಗಿ ತುರಿಸುವ ಕಾಯಿಲೆ, ಜಾಸ್ತಿ ಎಂದು ಗೊತ್ತಾಯಿತು. ಗಾರೆ ಉದುರಿದ ಗೋಡೆಯಲ್ಲಿ ನೀರು ಇಳಿಯುವ ಹಾಗೆ, ಇಂಥ ಚರ್ಮದಲ್ಲಿ ಹೊರಗಿನದು ಒಳಗೆ ಇಳಿಯುತ್ತದೆ.

ಎಲ್ಲ ಅಲರ್ಜಿಯೂ ಚರ್ಮದಿಂದಲೇ ಎಂದು ಹೇಳಲಾಗದು. ಎಕ್ಜಿಮಾ ಇಲ್ಲದ ಮಕ್ಕಳಿಗೂ ಬರುತ್ತದೆ. ಆದರೆ ನಾವು ಕೈ ಹಾಕಿ ಏನಾದರೂ ಮಾಡಬಹುದಾದ ಜಾಗ ಅಂತ ಇದ್ದರೆ ಅದು ಇದೇ.

ಹಂತ 2: ನಿಮ್ಮ ಮಗುವಿಗೆ ಅಪಾಯ ಎಷ್ಟು ನೋಡಿ

ಅಪ್ಪ, ಅಮ್ಮ ಅಥವಾ ಅಕ್ಕ ಅಣ್ಣಂದಿರಿಗೆ ಎಕ್ಜಿಮಾ, ಉಬ್ಬಸ, ಆಹಾರದ ಅಲರ್ಜಿ, ಸೀನು ಬರುವ ಅಲರ್ಜಿ ಇದ್ದರೆ ಮಗುವಿಗೆ ಸಾಧ್ಯತೆ ಹೆಚ್ಚು. ಆದರೆ ಮನೆತನಕ್ಕಿಂತ ಗಟ್ಟಿಯಾದ ಸೂಚನೆ ಮಗುವಿನ ಚರ್ಮವೇ ಕೊಡುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಒಂದು ವರ್ಷದ ಸಾವಿರಾರು ಮಕ್ಕಳನ್ನು ಪರೀಕ್ಷಿಸಿದರು. ಎಕ್ಜಿಮಾ ಇದ್ದವರಲ್ಲಿ ಸುಮಾರು 5ರಲ್ಲಿ 1 ಮಗುವಿಗೆ ಆಹಾರದ ಅಲರ್ಜಿ ಇತ್ತು. ಇಲ್ಲದವರಲ್ಲಿ 25ರಲ್ಲಿ 1. ಮೂರು ತಿಂಗಳಿಗೂ ಮೊದಲೇ ಎಕ್ಜಿಮಾ ಶುರುವಾಗಿ, ವೈದ್ಯರು ಸ್ಟೀರಾಯ್ಡ್ ಮುಲಾಮು ಬರೆದುಕೊಡಬೇಕಾದಷ್ಟು ಜೋರಾಗಿದ್ದ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಅಲರ್ಜಿ ಬಂದಿತ್ತು.

ಹಾಗಾಗಿ ಎಕ್ಜಿಮಾ ಎಷ್ಟು ಬೇಗ ಬಂತು, ಎಷ್ಟು ಜೋರಾಗಿದೆ, ಈ ಎರಡನ್ನು ಗಮನಿಸಿ. ಕೂಸುಗಳಲ್ಲಿ ಅದು ಸಾಮಾನ್ಯವಾಗಿ ಕೆನ್ನೆ, ಹಣೆ, ನೆತ್ತಿ, ಕೈಕಾಲುಗಳ ಹೊರಮೈಯಲ್ಲಿ ಕಾಣಿಸುತ್ತದೆ. ಒರಟು, ಒಣ, ತುರಿಸುವ ಮಚ್ಚೆಗಳು. ಬಿಳಿ ಮೈಬಣ್ಣದಲ್ಲಿ ಕೆಂಪಗೆ ಕಾಣುವುದು ಕಂದು ಅಥವಾ ಕಪ್ಪು ಮೈಬಣ್ಣದಲ್ಲಿ ಬೂದು, ನೇರಳೆ ಅಥವಾ ಕಡುಕಂದು ಆಗಿ ಕಾಣಬಹುದು. ಹೀಗಾಗಿ ಕಪ್ಪು ಮಕ್ಕಳ ಎಕ್ಜಿಮಾ ಬಹಳ ಸಲ ತಡವಾಗಿ ಗೊತ್ತಾಗುತ್ತದೆ. ಕೈಯಿಂದ ಸವರಿ ನೋಡಿ. ಕಣ್ಣಿಗಿಂತ ಬೆರಳಿಗೆ ಬೇಗ ತಿಳಿಯುತ್ತದೆ.

ಹಂತ 3: ಎಕ್ಜಿಮಾವನ್ನು "ತಾನೇ ಹೋಗುತ್ತದೆ" ಎಂದು ಬಿಡಬೇಡಿ

ದೊಡ್ಡವರಾದ ಮೇಲೆ ಹೋಗುತ್ತದೆ ಅನ್ನುವ ಮಾತು ಎಷ್ಟೋ ಮಕ್ಕಳ ವಿಷಯದಲ್ಲಿ ನಿಜ. ಆದರೆ ಹೋಗುವವರೆಗಿನ ತಿಂಗಳುಗಳೇ ಅಲರ್ಜಿ ಬೆಳೆಯುವ ತಿಂಗಳುಗಳು. ಕಾಯುವುದರ ಬೆಲೆ ಇದು. ಈ ಲೇಖನದಲ್ಲಿ ಒಂದೇ ಹಂತ ಪಾಲಿಸುತ್ತೇನೆ ಅಂದರೆ ಇದನ್ನೇ ಪಾಲಿಸಿ ಎನ್ನುತ್ತೇನೆ.

ಸ್ನಾನಕ್ಕೆ ಉಗುರುಬೆಚ್ಚಗಿನ ನೀರು ಸಾಕು. ಐದರಿಂದ ಹತ್ತು ನಿಮಿಷ. ನೊರೆ ಬರುವ ಸೋಪು ಬೇಡ, ಘಮ ಇಲ್ಲದ ಸೌಮ್ಯ ಕ್ಲೆನ್ಸರ್ ಬಳಸಿ. ಮೈಯನ್ನು ಉಜ್ಜದೆ ಒತ್ತಿ ಒರೆಸಿ, ತೇವ ಪೂರ್ತಿ ಆರುವ ಮೊದಲೇ ಘಮವಿಲ್ಲದ ದಪ್ಪ ಮಾಯಿಶ್ಚರೈಸರ್ ಹಚ್ಚಿ. ದಿನಕ್ಕೆ ಎರಡು ಸಲವಾದರೂ ಬೇಕು. ಹಚ್ಚುವ ಮೊದಲು ಕೈ ಸೋಪಿನಿಂದ ತೊಳೆಯಿರಿ. ಆಗತಾನೆ ಮೊಟ್ಟೆ ಒಡೆದ, ಬೀಜ ಸುಲಿದ ಕೈಯಿಂದ ಹಚ್ಚಿದರೆ ಕ್ರೀಮಿನ ಜೊತೆ ಅದರ ಪ್ರೋಟೀನನ್ನೂ ಚರ್ಮಕ್ಕೆ ತಿಕ್ಕಿದಂತೆ. ಇದೇ ಕಾರಣಕ್ಕೆ ಕಡಲೆಬೀಜ, ಎಳ್ಳು, ಬಾದಾಮಿ ಮುಂತಾದವುಗಳ ಎಣ್ಣೆ, ಹಾಲು ಅಥವಾ ಓಟ್ಸ್ ಸೇರಿಸಿದ ಕ್ರೀಮು, ಇವು ಒಡೆದ ಚರ್ಮಕ್ಕೆ ಬೇಡ. ಆಲಿವ್ ಎಣ್ಣೆಯೂ ಚರ್ಮದ ತಡೆಗೋಡೆಗೆ ಒಳ್ಳೆಯದು ಮಾಡುವುದಿಲ್ಲ.

ಮಚ್ಚೆ ಉರಿದು ಕೆಂಡವಾಗಿದ್ದರೆ ಬರೀ ಮಾಯಿಶ್ಚರೈಸರ್ ಸಾಲುವುದಿಲ್ಲ. ವೈದ್ಯರು ಸ್ಟೀರಾಯ್ಡ್ ಮುಲಾಮು ಕೊಟ್ಟರೆ ಹೆದರಿ ಅರ್ಧಕ್ಕೆ ನಿಲ್ಲಿಸಬೇಡಿ. ಹೆದರಿಕೆಯಿಂದ ತೆಳ್ಳಗೆ ಸವರಿ ಎರಡೇ ದಿನಕ್ಕೆ ಬಿಡುವುದು, ಮತ್ತೆ ಉಲ್ಬಣಿಸುವುದು, ಮತ್ತೆ ಸವರುವುದು, ಈ ಸುತ್ತಾಟದಲ್ಲಿ ಮಗು ತಿಂಗಳುಗಟ್ಟಲೆ ತುರಿಸಿಕೊಂಡು ನರಳುತ್ತದೆ. ನೋಡಿದರೆ ಸಂಕಟವಾಗುತ್ತದೆ. ಎಷ್ಟು ಹಚ್ಚಬೇಕು ಎಂಬುದಕ್ಕೆ ಒಂದು ಅಳತೆ ಇದೆ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದಷ್ಟು ಮುಲಾಮು, ಬೆರಳುಗಳೂ ಸೇರಿದಂತೆ ದೊಡ್ಡವರ ಎರಡು ಅಂಗೈ ಅಗಲದ ಜಾಗಕ್ಕೆ ಸಾಕಾಗುತ್ತದೆ. ಯಾವ ಶಕ್ತಿಯದು, ಎಷ್ಟು ದಿನ ಎಂಬುದನ್ನು ಮಾತ್ರ ವೈದ್ಯರೇ ಹೇಳಬೇಕು.

ಜಪಾನಿನಲ್ಲಿ 7ರಿಂದ 13 ವಾರದ ಕೂಸುಗಳ ಎಕ್ಜಿಮಾಕ್ಕೆ ಬಿಗಿಯಾದ ಚಿಕಿತ್ಸೆ ಕೊಟ್ಟು ನೋಡಿದ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಮೊಟ್ಟೆಯ ಅಲರ್ಜಿ ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ಶೇ. 41.9, ಬಿಗಿ ಚಿಕಿತ್ಸೆ ಪಡೆದವರಲ್ಲಿ ಶೇ. 31.4. ಚರ್ಮ ಸರಿಪಡಿಸಿದರೆ ಅಲರ್ಜಿ ಕಡಿಮೆಯಾಗುತ್ತದೆ ಎಂಬುದಕ್ಕೆ ಇದು ನೇರ ಪುರಾವೆ. ಆದರೆ ಅಷ್ಟು ಬಿರುಸಾದ ಸ್ಟೀರಾಯ್ಡಿನಿಂದ ಆ ಮಕ್ಕಳ ತೂಕ, ಎತ್ತರ ಸ್ವಲ್ಪ ಕಡಿಮೆಯಾಗಿತ್ತು. ಅದಕ್ಕೇ ಮನೆಯಲ್ಲಿ ನೀವಾಗಿ ಡೋಸು ಏರಿಸಬಾರದು.

ಇನ್ನೊಂದು ಮಾತು. ಚರ್ಮ ಚೆನ್ನಾಗಿರುವ ಮಗುವಿಗೆ ಹುಟ್ಟಿದಂದಿನಿಂದ ಮಾಯಿಶ್ಚರೈಸರ್ ಬಳಿದರೆ ಎಕ್ಜಿಮಾ ಬರದಂತೆ ತಡೆಯಬಹುದೇ ಎಂದೂ ನೋಡಿದ್ದಾರೆ. 2020ರಲ್ಲಿ ಬಂದ ಎರಡು ದೊಡ್ಡ ಪ್ರಯೋಗಗಳಲ್ಲಿ ಪ್ರಯೋಜನ ಕಾಣಲಿಲ್ಲ. ಆ ಹಣ ಉಳಿಸಿಕೊಳ್ಳಿ.

ಹಂತ 4: ಅಮ್ಮ ಪಥ್ಯ ಮಾಡಬೇಕಿಲ್ಲ

ಬಸುರಿಯಲ್ಲಿ, ಎದೆಹಾಲು ಕುಡಿಸುವಾಗ ಅಮ್ಮ ಹಾಲು, ಮೊಟ್ಟೆ, ಬೀಜಗಳನ್ನು ಬಿಟ್ಟರೆ ಮಗುವಿಗೆ ಅಲರ್ಜಿ ಬರುವುದಿಲ್ಲ ಎಂಬುದಕ್ಕೆ ಆಧಾರ ಇಲ್ಲ. ಹೆರಿಗೆಯ ಸುಸ್ತಿನಲ್ಲಿ, ನಿದ್ದೆಗೆಟ್ಟು ಹಾಲೂಡಿಸುತ್ತಿರುವ ಹೆಣ್ಣುಮಗಳ ತಟ್ಟೆಯಿಂದ ಒಂದೊಂದೇ ಪದಾರ್ಥ ಕಿತ್ತುಕೊಳ್ಳುವುದು ಕ್ರೂರ. ಮಗುವಿಗೆ ಅಲರ್ಜಿ ಬಂದಾಗ "ನೀನು ಏನು ತಿಂದೆ?" ಎಂದು ಕೇಳುವುದು ಇನ್ನೂ ಕ್ರೂರ. ತಾಯಿಯ ಊಟದಿಂದಲೇ ಮಗುವಿಗೆ ತೊಂದರೆ ಆಗುತ್ತಿದೆ ಎಂದು ವೈದ್ಯರು ಖಚಿತ ಮಾಡಿದಾಗ ಮಾತ್ರ ಆ ಒಂದು ಪದಾರ್ಥ ಬಿಡಬೇಕು.

ಎದೆಹಾಲು ಬೇರೆ ನೂರು ಕಾರಣಕ್ಕೆ ಒಳ್ಳೆಯದು. ಆಹಾರದ ಅಲರ್ಜಿಯನ್ನು ಅದು ಖಂಡಿತ ತಡೆಯುತ್ತದೆ ಎನ್ನಲಾಗದು. ಹಾಲು ಸಾಲದೆ ಫಾರ್ಮುಲಾ, ಅಂದರೆ ಡಬ್ಬಿಯ ಹಾಲಿನ ಪುಡಿ, ಕೊಟ್ಟವರು ತಪ್ಪು ಮಾಡಿದವರೂ ಅಲ್ಲ. "ಅಲರ್ಜಿ ತಡೆಯುತ್ತದೆ" ಎಂದು ಮಾರುವ ದುಬಾರಿ ಫಾರ್ಮುಲಾಗಳು ತಡೆಗಟ್ಟುವ ಉದ್ದೇಶಕ್ಕೆ ಬೇಕಿಲ್ಲ. ಮನೆಯಲ್ಲಿ ಬೀಡಿ, ಸಿಗರೇಟಿನ ಹೊಗೆ ಇದ್ದರೆ ಅದನ್ನು ಮಾತ್ರ ಇವತ್ತೇ ಹೊರಗೆ ಹಾಕಿ. ಮಗುವಿನ ಉಬ್ಬಸಕ್ಕೂ ಹೊಗೆಗೂ ಇರುವ ನಂಟು ಗಟ್ಟಿಯಾದದ್ದು.

ಹಂತ 5: ಅಲರ್ಜಿ ತರಬಹುದಾದ ಆಹಾರವನ್ನು ತಡಮಾಡದೆ ಕೊಡಿ

ಹೆಚ್ಚು ಗೊಂದಲ ಇರುವುದು ಇಲ್ಲೇ. 2000ನೇ ಇಸವಿಯಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಅಪಾಯ ಹೆಚ್ಚಿರುವ ಮಕ್ಕಳಿಗೆ ಮೊಟ್ಟೆಯನ್ನು 2 ವರ್ಷದವರೆಗೆ, ಕಡಲೆಬೀಜ, ಬಾದಾಮಿ ಗೋಡಂಬಿಯಂಥ ಬೀಜಗಳು ಮತ್ತು ಮೀನನ್ನು 3 ವರ್ಷದವರೆಗೆ ಕೊಡಬೇಡಿ ಎಂದಿತ್ತು. 2008ರಲ್ಲಿ, ತಡಮಾಡುವುದರಿಂದ ಅಲರ್ಜಿ ತಪ್ಪುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆ ಇಲ್ಲ ಎಂದು ಹೇಳಿತು. ಆದರೆ ಒಮ್ಮೆ ಹರಡಿದ ಭಯ ಸುಲಭವಾಗಿ ಹೋಗಲಿಲ್ಲ.

ಅದೇ ವರ್ಷ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಇಸ್ರೇಲಿನಲ್ಲಿ ಕೂಸುಗಳು ಮೊದಲ ವರ್ಷದಲ್ಲೇ ಕಡಲೆಬೀಜದ ತಿಂಡಿ ತಿನ್ನುತ್ತಿದ್ದವು. ಬ್ರಿಟನ್ನಿನ ಯೆಹೂದಿ ಮಕ್ಕಳಿಗೆ ಹೋಲಿಸಿದರೆ ಇಸ್ರೇಲಿನ ಮಕ್ಕಳಲ್ಲಿ ಕಡಲೆಬೀಜದ ಅಲರ್ಜಿ ಸುಮಾರು ಹತ್ತನೇ ಒಂದರಷ್ಟೇ ಇತ್ತು. ಇದನ್ನೇ ಹಿಡಿದು ಲ್ಯಾಕ್ ತಂಡ ಲೀಪ್ ಎಂಬ ಪ್ರಯೋಗ ನಡೆಸಿತು. ಜೋರಾದ ಎಕ್ಜಿಮಾ ಅಥವಾ ಮೊಟ್ಟೆಯ ಅಲರ್ಜಿ ಇದ್ದ 4ರಿಂದ 11 ತಿಂಗಳ 640 ಮಕ್ಕಳು. ಅರ್ಧ ಮಕ್ಕಳಿಗೆ 5 ವರ್ಷದವರೆಗೆ ಕಡಲೆಬೀಜ ತಿನ್ನಿಸಿದರು, ಇನ್ನರ್ಧ ಮಕ್ಕಳಿಗೆ ಕೊಡಲೇ ಇಲ್ಲ. ಫಲಿತಾಂಶ ಬಂದಿದ್ದು 2015ರಲ್ಲಿ. ಕೊಡದವರಲ್ಲಿ ಶೇ. 17.2 ಮಕ್ಕಳಿಗೆ ಅಲರ್ಜಿ ಬಂದಿತ್ತು, ತಿಂದವರಲ್ಲಿ ಶೇ. 3.2. ಮೊಟ್ಟೆಯ ವಿಷಯದಲ್ಲೂ ಜಪಾನಿನ 2017ರ ಪ್ರಯೋಗ ಇದೇ ದಿಕ್ಕು ತೋರಿಸಿತು. ಮೊದಲು ಎಕ್ಜಿಮಾ ಹತೋಟಿಗೆ ತಂದು, 6 ತಿಂಗಳಿನಿಂದ ಬೇಯಿಸಿದ ಮೊಟ್ಟೆಯ ಪುಡಿಯನ್ನು ಅತಿ ಕಡಿಮೆ ಪ್ರಮಾಣದಲ್ಲಿ ದಿನಾ ಕೊಟ್ಟಾಗ ಅಲರ್ಜಿ ಶೇ. 38ರಿಂದ ಶೇ. 8ಕ್ಕೆ ಇಳಿಯಿತು.

ಹಾಗಾದರೆ ಯಾವಾಗ ಕೊಡಬೇಕು? ಮಗುವಿನ ಕತ್ತು ನಿಂತಿರಬೇಕು, ಆಸರೆ ಕೊಟ್ಟರೆ ಕೂರಬೇಕು, ತುತ್ತಿನ ಕಡೆ ಆಸೆಯಿಂದ ನೋಡಬೇಕು. ಸಾಮಾನ್ಯವಾಗಿ ಇದು 6 ತಿಂಗಳ ಹೊತ್ತಿಗೆ. 4 ತಿಂಗಳಿಗಿಂತ ಮೊದಲು ಬೇಡವೇ ಬೇಡ. ಎಕ್ಜಿಮಾ ಇಲ್ಲದ ಅಥವಾ ಸ್ವಲ್ಪವೇ ಇರುವ ಮಗುವಿಗೆ 6 ತಿಂಗಳ ಸುಮಾರಿಗೆ ಮನೆಯಲ್ಲೇ ಶುರು ಮಾಡಬಹುದು. ಎಕ್ಜಿಮಾ ಜೋರಾಗಿದ್ದರೆ, ಅಥವಾ ಈಗಾಗಲೇ ಮೊಟ್ಟೆಯ ಅಲರ್ಜಿ ಇದ್ದರೆ, 4 ತಿಂಗಳಾಗುತ್ತಿದ್ದಂತೆ ವೈದ್ಯರನ್ನು ಕಾಣಿ. ಕಡಲೆಬೀಜ ಕೊಡುವ ಮೊದಲು ಪರೀಕ್ಷೆ ಬೇಕೇ, ಮೊದಲ ತುತ್ತು ಆಸ್ಪತ್ರೆಯಲ್ಲಿ ಕೊಡಬೇಕೇ ಎಂದು ಅವರು ಹೇಳುತ್ತಾರೆ. ಇಂಥ ಮಕ್ಕಳಿಗೇ ಬೇಗ ಕೊಡುವುದರ ಲಾಭ ಜಾಸ್ತಿ, ಹಾಗಾಗಿ ತಿಂಗಳುಗಟ್ಟಲೆ ಮುಂದೂಡಬೇಡಿ. ಯಾವುದಾದರೂ ಆಹಾರಕ್ಕೆ ಈಗಾಗಲೇ ಗಂಧೆ, ಊತ, ವಾಂತಿ ಆಗಿದ್ದರೆ ಮಾತ್ರ ಅದನ್ನು ಮನೆಯಲ್ಲಿ ಮತ್ತೆ ಪ್ರಯೋಗಿಸಬಾರದು.

ಕೊಡುವ ಕ್ರಮ ಹೀಗೆ. ಮಗು ಆರೋಗ್ಯವಾಗಿರುವ ದಿನ ಆರಿಸಿ. ಜ್ವರ, ಶೀತ, ಭೇದಿ ಇರಬಾರದು. ಬೆಳಗಿನ ಹೊತ್ತು ಕೊಡಿ, ಆಮೇಲೆ ಎರಡು ಗಂಟೆ ದೊಡ್ಡವರೊಬ್ಬರು ಮಗುವಿನ ಜೊತೆಗೇ ಇರಬೇಕು. ಮಲಗುವ ಹೊತ್ತಿಗೆ ಬೇಡ. ಕಡಲೆಬೀಜವಾದರೆ ನುಣ್ಣಗಿನ ಬೆಣ್ಣೆಯಂಥ ಪೇಸ್ಟು ಎರಡು ಟೀ ಚಮಚ ತೆಗೆದುಕೊಂಡು, ಎರಡು ಮೂರು ಚಮಚ ಬಿಸಿನೀರಿನಲ್ಲಿ ತೆಳ್ಳಗೆ ಕದಡಿ, ಆರಿಸಿ. ಮೊದಲು ಚಮಚದ ತುದಿಯಷ್ಟು ನೆಕ್ಕಿಸಿ. ಹತ್ತು ನಿಮಿಷ ಕಾಯಿರಿ. ಏನೂ ಆಗದಿದ್ದರೆ ಉಳಿದದ್ದನ್ನು ಮಗು ತಿನ್ನುವಷ್ಟು ನಿಧಾನವಾಗಿ ಕೊಡಿ. ಇಡೀ ಬೀಜವನ್ನು ಯಾವತ್ತೂ ಕೊಡಬೇಡಿ, ಗಟ್ಟಿ ಪೇಸ್ಟನ್ನೂ ಹಾಗೇ ಕೊಡಬೇಡಿ. ಗಂಟಲಿಗೆ ಸಿಕ್ಕಿಕೊಂಡರೆ ಉಸಿರೇ ನಿಲ್ಲುತ್ತದೆ. ಮೊಟ್ಟೆಯನ್ನು ಹಳದಿ, ಬಿಳಿ ಎರಡೂ ಗಟ್ಟಿಯಾಗುವಂತೆ ಬೇಯಿಸಿ ಮಸೆದು ಕೊಡಿ. ಹಸಿ ಮೊಟ್ಟೆ, ಅರೆಬೆಂದ ಮೊಟ್ಟೆ ಬೇಡ. ಗೋಧಿ, ಮೊಸರು, ಸೋಯಾ, ಎಳ್ಳು, ಮೀನು, ಬೀಜಗಳ ಪೇಸ್ಟು, ಇವನ್ನೂ ನಿಮ್ಮ ಮನೆಯಲ್ಲಿ ತಿನ್ನುವುದಾದರೆ ಒಂದೊಂದಾಗಿ ಸೇರಿಸುತ್ತಾ ಹೋಗಿ. ಒಂದೇ ದಿನ ಎರಡು ಹೊಸದನ್ನು ಕೊಡದಿದ್ದರೆ, ತೊಂದರೆ ಬಂದಾಗ ಯಾವುದರಿಂದ ಎಂದು ಗೊತ್ತಾಗುತ್ತದೆ.

ಚರ್ಮದ ಮೇಲೆ ಸವರಿ "ಟೆಸ್ಟ್" ಮಾಡುವ ಅಭ್ಯಾಸ ಕೆಲವರಿಗಿದೆ. ಬೇಡ. ಯಾವ ದಾರಿಯನ್ನು ಮುಚ್ಚಬೇಕು ಅಂತಿದ್ದೇವೋ ಅದೇ ದಾರಿಯಲ್ಲಿ ಕಳಿಸಿದಂತಾಗುತ್ತದೆ.

ಹಂತ 6: ಕೊಟ್ಟದ್ದನ್ನು ನಿಲ್ಲಿಸಬೇಡಿ

ಒಂದು ಸಲ ಕೊಟ್ಟು, ಏನೂ ಆಗಲಿಲ್ಲ ಎಂದು ಮರೆತುಬಿಡುವುದು ತುಂಬಾ ಸಾಮಾನ್ಯ. ಸಹಿಸಿಕೊಳ್ಳುವ ಗುಣ ಉಳಿಯಬೇಕಾದರೆ ಕರುಳಿಗೆ ಆ ಆಹಾರ ಮತ್ತೆ ಮತ್ತೆ ಸಿಗುತ್ತಿರಬೇಕು. ವಾರಕ್ಕೆ ಎರಡು ಮೂರು ಸಲವಾದರೂ ಕೊಡಿ. ಬ್ರಿಟನ್ನಿನಲ್ಲಿ 2016ರಲ್ಲಿ ಪ್ರಕಟವಾದ ಈಟ್ ಪ್ರಯೋಗದಲ್ಲಿ 3 ತಿಂಗಳಿನಿಂದಲೇ ಆರು ಬಗೆಯ ಆಹಾರ ಕೊಡಲು ಹೇಳಿದ್ದರು. ಹೇಳಿದಷ್ಟು ಬಿಡದೆ ಕೊಟ್ಟ ಮನೆಗಳ ಮಕ್ಕಳಲ್ಲಿ ಅಲರ್ಜಿ ಶೇ. 2.4, ಬೇಗ ಶುರು ಮಾಡದವರಲ್ಲಿ ಶೇ. 7.3. ಆದರೆ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಹೇಳಿದಷ್ಟು ಕೊಡುವುದಕ್ಕೆ ಆಗಲೇ ಇಲ್ಲ. ಆರು ಪದಾರ್ಥವನ್ನು ವಾರವಾರ ಕೂಸಿಗೆ ತಿನ್ನಿಸುವುದು ಸುಲಭದ ಮಾತಲ್ಲ, ಅಲ್ವಾ? ಮೊಟ್ಟೆ ಮತ್ತು ಕಡಲೆಬೀಜ ಎರಡನ್ನಾದರೂ ತಪ್ಪಿಸದಿದ್ದರೆ ಸಾಕಷ್ಟು ಕೆಲಸ ಆದಂತೆ.

ಹಂತ 7: ಯಾವುದು ಅಲರ್ಜಿ, ಯಾವುದು ತುರ್ತು

ಐಜಿಇ ಅಲರ್ಜಿ ಸಾಮಾನ್ಯವಾಗಿ ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಕಾಣಿಸುತ್ತದೆ. ಉಬ್ಬಿದ ಗಂಧೆ, ತುಟಿ ಕಣ್ಣು ಊತ, ವಾಂತಿ. ಟೊಮೆಟೊ, ಕಿತ್ತಳೆಯಂಥ ಹುಳಿ ಪದಾರ್ಥ ತಾಗಿದ ಕಡೆಯಷ್ಟೇ ಕೆಂಪಾಗಿ ಬೇಗ ಮಾಯವಾದರೆ ಅದು ಬಹುತೇಕ ಬರೀ ಉರಿ.

ಉಸಿರಾಟದಲ್ಲಿ ಸುಯ್ ಸದ್ದು, ಬಿಡದ ಕೆಮ್ಮು, ದನಿ ಒಡೆಯುವುದು, ನಾಲಿಗೆ ಊದುವುದು, ಬಿಳಿಚಿಕೊಂಡು ಜೋಲುಬೀಳುವುದು, ಇವುಗಳಲ್ಲಿ ಒಂದೇ ಕಂಡರೂ ಅದು ಅನಾಫಿಲಾಕ್ಸಿಸ್, ಅಂದರೆ ಜೀವಕ್ಕೇ ಕುತ್ತು ತರುವ ಅಲರ್ಜಿ, ಇರಬಹುದು. ಆಗ ಮದ್ದು ಅಡ್ರಿನಲಿನ್ ಚುಚ್ಚುಮದ್ದು, ತೊಡೆಯ ಹೊರಭಾಗದ ಸ್ನಾಯುವಿಗೆ. ಅಲರ್ಜಿಯ ಸಿರಪ್ ತುರಿಕೆ ಇಳಿಸುತ್ತದೆ, ಜೀವ ಉಳಿಸುವುದಿಲ್ಲ. ಸಿರಪ್ ಕೊಟ್ಟು ಕಾದು ನೋಡುವುದರಲ್ಲಿ ಹೊತ್ತು ಕಳೆಯಬೇಡಿ. ತಕ್ಷಣ ಆಂಬುಲೆನ್ಸಿಗೆ ಹೇಳಿ. ಕೂಸನ್ನು ಹೆಗಲ ಮೇಲೆ ನೆಟ್ಟಗೆ ಎತ್ತಿಕೊಳ್ಳದೆ ತೋಳಿನಲ್ಲಿ ಅಡ್ಡಲಾಗಿ ಮಲಗಿಸಿಕೊಳ್ಳಿ.

ಐಜಿಇ ಇಲ್ಲದ ಅಲರ್ಜಿಗಳೂ ಇವೆ. ತಿಂದ 1ರಿಂದ 4 ಗಂಟೆಗೆ ಮೇಲಿಂದ ಮೇಲೆ ವಾಂತಿಯಾಗಿ, ಮಗು ಬಿಳಿಚಿಕೊಂಡು ಸೋತುಹೋಗುವ ಒಂದು ಬಗೆ ಇದೆ. ಗಂಧೆ ಏಳುವುದಿಲ್ಲವಾದ್ದರಿಂದ ಹೊಟ್ಟೆಯ ಸೋಂಕು ಎಂದು ತಪ್ಪು ತಿಳಿಯುತ್ತಾರೆ. ಇದಕ್ಕೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅದೇ ಆಹಾರ ತಿಂದಾಗ ಎರಡನೇ ಸಲವೂ ಹೀಗಾಗಿದ್ದರೆ ಅದನ್ನು ಒತ್ತಿ ಹೇಳಿ. ಚೆನ್ನಾಗಿ ಆಡಿಕೊಂಡಿರುವ ಕೂಸಿನ ಮಲದಲ್ಲಿ ರಕ್ತದ ಎಳೆ ಕಂಡರೂ ವೈದ್ಯರಿಗೆ ತೋರಿಸಿ. ಹಸುವಿನ ಹಾಲಿನ ಪ್ರೋಟೀನ್ ಕಾರಣ ಇರಬಹುದು.

ಹಂತ 8: ಸುಮ್ನೆ ಟೆಸ್ಟ್ ಮಾಡಿಸಬೇಡಿ

ನೂರಾರು ಪದಾರ್ಥಕ್ಕೆ ಒಟ್ಟಿಗೆ ರಕ್ತಪರೀಕ್ಷೆ ಮಾಡಿಸುವುದು ಸಹಾಯಕ್ಕಿಂತ ತೊಂದರೆಯೇ ಜಾಸ್ತಿ. ಐಜಿಇ ಇದೆ ಎಂದ ಮಾತ್ರಕ್ಕೆ ತಿಂದರೆ ಅಲರ್ಜಿ ಆಗುತ್ತದೆ ಎಂದಲ್ಲ. ವರದಿಯಲ್ಲಿ "ಪಾಸಿಟಿವ್" ಬಂದ ಆಹಾರವನ್ನೆಲ್ಲ ನಿಲ್ಲಿಸಿ, ಮಗುವಿನ ತೂಕ ಇಳಿಸಿಕೊಂಡು ಕೂತವರಿದ್ದಾರೆ. ಇನ್ನೂ ನೋವಿನ ವಿಷಯ, ಮಗು ಆರಾಮಾಗಿ ತಿನ್ನುತ್ತಿದ್ದ ಆಹಾರವನ್ನು ಹೀಗೆ ನಿಲ್ಲಿಸಿದಾಗ ಸಹಿಸುವ ಗುಣ ಹೋಗಿ ನಿಜವಾದ ಅಲರ್ಜಿಯೇ ಬರಬಹುದು. ಏನು ತಿಂದಾಗ, ಎಷ್ಟು ಹೊತ್ತಿಗೆ, ಏನಾಯಿತು ಎಂಬುದನ್ನು ಬರೆದಿಟ್ಟು, ಫೋಟೋ ತೆಗೆದಿಟ್ಟು ವೈದ್ಯರಿಗೆ ಕೊಡಿ. ಅನುಮಾನ ಇರುವ ಆಹಾರಕ್ಕೆ ಮಾತ್ರ ಪರೀಕ್ಷೆ ಸಾಕು. ಖಚಿತ ಉತ್ತರ ಬೇಕಾದರೆ ವೈದ್ಯರ ಎದುರಿನಲ್ಲೇ ಸ್ವಲ್ಪಸ್ವಲ್ಪ ತಿನ್ನಿಸಿ ನೋಡುವ ಪರೀಕ್ಷೆ ಇದೆ.

ಹಂತ 9: ಅಲರ್ಜಿ ಬಂದೇಬಿಟ್ಟರೆ

ಹಾಲು, ಮೊಟ್ಟೆಯ ಅಲರ್ಜಿ ಹೆಚ್ಚಿನ ಮಕ್ಕಳಲ್ಲಿ ಶಾಲೆಯ ವಯಸ್ಸಿನ ಹೊತ್ತಿಗೆ ಹೋಗುತ್ತದೆ. ಕಡಲೆಬೀಜದ್ದು ಸುಮಾರು 5ರಲ್ಲಿ 1 ಮಗುವಿಗೆ ಮಾತ್ರ ಹೋಗುತ್ತದೆ. ಒಂದು ಆಹಾರ ಆಗುವುದಿಲ್ಲ ಎಂದಾದರೆ ಅದೊಂದನ್ನೇ ಬಿಡಿ, ಉಳಿದವನ್ನು ಎಂದಿನಂತೆ ಕೊಡಿ. ಮೊಟ್ಟೆಯ ಅಲರ್ಜಿ ಇರುವ ಎಷ್ಟೋ ಮಕ್ಕಳು ಕೇಕಿನಲ್ಲಿ ಬೆಂದ ಮೊಟ್ಟೆಯನ್ನು ಸಹಿಸುತ್ತಾರೆ. ಅದನ್ನು ಯಾವಾಗ ಶುರು ಮಾಡಬಹುದು ಎಂದು ವೈದ್ಯರನ್ನು ಕೇಳಿ, ನೀವಾಗಿ ಪ್ರಯೋಗ ಮಾಡಬೇಡಿ.

ಎಕ್ಜಿಮಾ ಮತ್ತು ಆಹಾರದ ಅಲರ್ಜಿ ಇದ್ದ ಮಕ್ಕಳಲ್ಲಿ ಮುಂದೆ ಉಬ್ಬಸ, ಧೂಳು ಅಥವಾ ಪರಾಗದಿಂದ ಸೀನು ಬರುವುದು ಹೆಚ್ಚು. ಎಲ್ಲ ಮಕ್ಕಳಿಗೂ ಬರುವುದಿಲ್ಲ. ರಾತ್ರಿ ಕೆಮ್ಮು, ಓಡಿದಾಗ ಸುಯ್ ಸದ್ದು, ತಿಂಗಳುಗಟ್ಟಲೆ ಕಟ್ಟಿದ ಮೂಗು ಕಂಡರೆ ವೈದ್ಯರಿಗೆ ಹೇಳಿ. ಆಹಾರದ ಅಲರ್ಜಿ ಇರುವ ಮಗುವಿಗೆ ಉಬ್ಬಸವೂ ಇದ್ದು ಅದು ಹತೋಟಿಯಲ್ಲಿ ಇಲ್ಲದಿದ್ದರೆ ಅನಾಫಿಲಾಕ್ಸಿಸ್ ಹೆಚ್ಚು ಅಪಾಯಕಾರಿಯಾಗುತ್ತದೆ.

ವೈದ್ಯರು ಅಡ್ರಿನಲಿನ್ ಬರೆದುಕೊಟ್ಟಿದ್ದರೆ ಅದು ಮಗು ಹೋದಲ್ಲೆಲ್ಲ ಹೋಗಬೇಕು. ಅಜ್ಜಿ ತಾತ, ಮಗುವನ್ನು ನೋಡಿಕೊಳ್ಳುವವರು, ಎಲ್ಲರಿಗೂ ಹಾಕುವುದನ್ನು ಮಾಡಿ ತೋರಿಸಿ, ಅವರಿಂದಲೂ ಮಾಡಿಸಿ ನೋಡಿ. ಡಬ್ಬಿಯ ಮೇಲಿನ ಅವಧಿ ಮುಗಿಯುವ ತಾರೀಖನ್ನು ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಪ್ಯಾಕೆಟ್ಟಿನ ತಿಂಡಿ ಕೊಳ್ಳುವಾಗ ಪ್ರತಿ ಸಲವೂ ಲೇಬಲ್ ಓದಿ, ಯಾಕೆಂದರೆ ಅದೇ ತಿಂಡಿಯ ಪದಾರ್ಥಗಳು ಯಾವಾಗ ಬೇಕಾದರೂ ಬದಲಾಗಬಹುದು. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಅಲರ್ಜಿ ಇನ್ನೂ ಇದೆಯೇ ಎಂದು ವೈದ್ಯರ ಬಳಿ ಮತ್ತೆ ತೋರಿಸಿ.